ಒಗಟು ಮತ್ತು ಸಂಕ: ಮಲೆನಾಡಿನ ಕಿರಿಯ ಶಾಲೆಗಳಲ್ಲಿ ರಚನಾವಿನ್ಯಾಸದ ಶಿಕ್ಷಣ

ಒಗಟನ್ನು ಒಡ್ಡುವವನು ವಸ್ತುವಿನ ಹೆಸರನ್ನು ಬಚ್ಚಿಟ್ಟು ಅದರ ಲಕ್ಷಣಗಳನ್ನು ಮಾತ್ರ ಹೇಳುವನು. ಬಿಡಿಸುವವರು ಆ ಲಕ್ಷಣಗಳೆಲ್ಲಕ್ಕೂ ಒಪ್ಪುವ ವಸ್ತುವನ್ನು ಊಹಿಸಬೇಕು. ಸೇತುವೆಯನ್ನೋ ಏತವನ್ನೋ ಯೋಜಿಸುವ ಇಂಜಿನಿಯರನ ಕಾರ್ಯವೂ ಬಹುಮಟ್ಟಿಗೆ ಇದೇ ಜಾತಿಯದು. ಇಷ್ಟು ಅಗಲ, ಇಷ್ಟು ಭಾರ, ಇಂಥ ಸಾಮಗ್ರಿ, ಇಷ್ಟೇ ಹಣ ಎಂದು ಲಕ್ಷಣಗಳು ಮೊದಲು ಬರುತ್ತವೆ, ವಸ್ತು ಆಮೇಲೆ. ಭೇದವೇನೆಂದರೆ, ಒಗಟಿನ ಉತ್ತರ ಲೋಕದಲ್ಲಿ ಆಗಲೇ ಇರತಕ್ಕದ್ದು, ವಿನ್ಯಾಸದ ಉತ್ತರ ಇನ್ನು ಹುಟ್ಟತಕ್ಕದ್ದು. ಒಗಟಿಗೆ ಸಾಮಾನ್ಯವಾಗಿ ಒಂದೇ ಉತ್ತರ, ವಿನ್ಯಾಸಕ್ಕೆ ಹಲವು. ಈ ಸಾಮ್ಯವನ್ನು ಮನಗಂಡರೆ, ಎಳೆಯ ಮಕ್ಕಳಿಗೆ ರಚನಾವಿನ್ಯಾಸವನ್ನು ಕಲಿಸುವ ಹೊಣೆ ವಿಜ್ಞಾನದ ಉಪಾಧ್ಯಾಯರೊಬ್ಬರದೇ ಅಲ್ಲ, ಭಾಷೋಪಾಧ್ಯಾಯರದೂ ಹೌದೆಂಬುದು ವಿಶದವಾಗುವುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಇದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ತುಂಗೆ ಶೃಂಗೇರಿ, ಹರಿಹರಪುರಗಳನ್ನೂ ಭದ್ರೆ ಬಾಳೆಹೊನ್ನೂರನ್ನೂ ಹಾದುಹೋಗುವುದು ಸರ್ವವಿದಿತ. ಈ ಮಹಾನದಿಗಳಿಗೆ ಸೇತುವೆಗಳುಂಟು. ಆದರೆ ಮಲೆನಾಡಿನ ಮನೆ ಗುಡ್ಡದ ಒಂದು ಮಗ್ಗುಲಲ್ಲಿ, ಶಾಲೆ ಮತ್ತೊಂದು ಮಗ್ಗುಲಲ್ಲಿ. ನಡುವೆ ಹೆಸರಿಲ್ಲದ ಹಳ್ಳ. ಅದರ ಮೇಲೆ ಎರಡೋ ಮೂರೋ ಅಡಕೆಮರಗಳನ್ನು ಹಾಸಿ, ಬಿಗಿದು, ಕೈಗೊಂದು ಆಸರೆ ಕಟ್ಟಿದರೆ ಕಾಲುಸಂಕವಾಯಿತು. ಆಷಾಢದಲ್ಲಿ ಅದು ಪಾಚಿಗಟ್ಟಿ ಜಾರುವುದು, ಕೆಳಗೆ ಕೆಂಪುನೀರು. ೨೦೨೨ರ ಆಗಸ್ಟಿನಲ್ಲಿ ನೆರೆಯ ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲೆಯೊಬ್ಬಳು ಇಂಥ ಸಂಕದಿಂದ ಬಿದ್ದು ತೀರಿಕೊಂಡಳು. ಸರ್ಕಾರವು ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಕಿರುಸೇತುವೆಗಳನ್ನು ಕಟ್ಟಿಸಿದುದುಂಟು. ಆದರೂ ಸಂಕವೆಂಬುದು ಇಲ್ಲಿನ ಮಗುವಿಗೆ ಪಾಠದ ಚಿತ್ರವಲ್ಲ, ಕಾಲಡಿಯ ವಸ್ತು. ಆದುದರಿಂದ ಆಟಕ್ಕೆ ವಿಷಯವನ್ನು ಬೇರೆಲ್ಲಿಂದಲೋ ತರಬೇಕಾಗಿಲ್ಲ.

ಆಟವನ್ನು ಹೀಗೆ ಹೂಡಬಹುದು. ಎರಡು ಬೆಂಚುಗಳನ್ನು ಎರಡು ಮೊಳ ದೂರವಿಟ್ಟು ನಡುವಣ ನೆಲವನ್ನು ಹಳ್ಳವೆಂದು ಭಾವಿಸುವುದು. ಸಾಮಗ್ರಿ ಅಡಕೆಯ ಹಾಳೆ, ತೆಂಗಿನ ಗರಿಯ ಕಡ್ಡಿ, ಬಾಳೆಯ ನಾರು. ಮೊಳೆಯೂ ಅಂಟೂ ಇಲ್ಲ. ದಾಟತಕ್ಕ ಭಾರ ಒಂದು ತೆಂಗಿನಕಾಯಿ. ನಾಲ್ಕೈದು ಮಕ್ಕಳಿಗೊಂದು ತಂಡ.

ಗುಂಪಾಗಿ ಕುಳಿತು ಉಪಾಯಗಳನ್ನು ಹೊರಡಿಸುವ ಈ ಪದ್ಧತಿಗೆ ನಿಯಮಗಳನ್ನು ಕಟ್ಟಿ ಪ್ರಚಾರಪಡಿಸಿದವನು ಅಮೆರಿಕದ ಅಲೆಕ್ಸ್ ಆಸ್‌ಬಾರ್ನ್. ೧೯೫೩ರಲ್ಲಿ ಪ್ರಕಟವಾದ ‘ಅಪ್ಲೈಡ್ ಇಮ್ಯಾಜಿನೇಷನ್’ ಎಂಬ ಗ್ರಂಥದಲ್ಲಿ ಆತನು ಹೇಳುವ ಸೂತ್ರಗಳು ನಾಲ್ಕು: ಮೊದಲೇ ಖಂಡಿಸಬಾರದು, ವಿಚಿತ್ರವಾದ ಊಹೆಗೂ ಎಡೆಯಿರಬೇಕು, ಸಂಖ್ಯೆ ಹೆಚ್ಚಬೇಕು, ಒಬ್ಬರ ಊಹೆಗೆ ಮತ್ತೊಬ್ಬರು ಕೂಡಿಸಬೇಕು. ಇದಕ್ಕೆ ಕನ್ನಡದಲ್ಲಿ ‘ಚಿಂತನ ಮಂಥನ’ ಎಂಬ ಮಾತು ಬಳಕೆಗೆ ಬಂದಿದೆ. ಮಂಥನದಲ್ಲಿ ಇಬ್ಬದಿಯವರು ಎಳೆದಾಡುವರು. ಇಲ್ಲಿಯೋ ಎಳೆದಾಡಬಾರದೆಂಬುದೇ ಮೊದಲ ನಿಯಮ. ‘ಕೂಡೂಹೆ’ ಎಂದರೆ ಹೆಚ್ಚು ಒಪ್ಪೀತೆಂದು ನನ್ನ ಎಣಿಕೆ.

ಆಸ್‌ಬಾರ್ನನ ಮತವನ್ನು ಹಾಗೆಯೇ ಸ್ವೀಕರಿಸುವಂತಿಲ್ಲ. ೧೯೫೮ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಟೇಲರ್, ಬೆರ್‍ರಿ, ಬ್ಲಾಕ್ ಎಂಬ ಮೂವರು ವಿದ್ವಾಂಸರು ಪರೀಕ್ಷಿಸಿದಾಗ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಬೇರೆಬೇರೆ ಯೋಚಿಸಿದ ನಾಲ್ವರ ಊಹೆಗಳನ್ನು ಸೇರಿಸಿದಾಗ ದೊರೆತ ಮೊತ್ತವೇ ಹೆಚ್ಚೆಂದು ಕಂಡುಬಂದಿತು. ನಮ್ಮ ಹಳ್ಳಿಶಾಲೆಗಳಲ್ಲಿ ಈ ಎಚ್ಚರಿಕೆ ಇಮ್ಮಡಿ ಅವಶ್ಯಕ. ಹಲವು ತರಗತಿಗಳು ಒಂದೇ ಕೋಣೆಯಲ್ಲಿರುವೆಡೆ ದೊಡ್ಡವರ ಕೂಗಿನಲ್ಲಿ ಸಣ್ಣವರ ಊಹೆ ಅಡಗಿಹೋಗುವುದು. ತೋಟದ ಒಡೆಯರ ಮಗುವೂ ಕೂಲಿಯವರ ಮಗುವೂ ಒಂದೇ ತಂಡದಲ್ಲಿದ್ದರೆ ಮಾತು ಯಾರದಾಗುವುದೆಂದು ಹೇಳಬೇಕಾಗಿಲ್ಲ. ಆದರೆ ನಾರನ್ನು ಹೊಸೆದು ಗಂಟುಹಾಕುವ ಕೈ ಎರಡನೆಯ ಮಗುವಿನದಾಗಿರುವುದೇ ಬಹುಶಃ ಹೆಚ್ಚು. ಮನೆಯಲ್ಲಿ ತುಳು, ಕೊಂಕಣಿ, ತಮಿಳು, ಮಲಯಾಳಗಳನ್ನಾಡುವ ಮಕ್ಕಳ ಸಂಕೋಚವೂ ಇದರೊಡನೆ ಸೇರುವುದು. ಆದುದರಿಂದ ಮೊದಲ ಹತ್ತು ನಿಮಿಷ ಮೌನ. ಪ್ರತಿಯೊಬ್ಬರೂ ತಮ್ಮ ಸಂಕವನ್ನು ಸ್ಲೇಟಿನಲ್ಲಿ ಬರೆಯಬೇಕು. ಅನಂತರ ಎಲ್ಲರಿಗಿಂತ ಕಿರಿಯರಿಂದ ಮೊದಲ್ಗೊಂಡು ಒಬ್ಬೊಬ್ಬರಾಗಿ ಹೇಳಬೇಕು. ‘ಆಗದು’ ಎಂಬ ಮಾತಿಗೆ ಆ ಹೊತ್ತಿನಲ್ಲಿ ಎಡೆಯಿಲ್ಲ. ಆಗುವುದೋ ಆಗದೋ ತೆಂಗಿನಕಾಯಿಯೇ ಹೇಳುವುದು.

ಅದು ಹೇಳುವ ಪಾಠ ಬಲು ಸೊಗಸಾದುದು. ಚಪ್ಪಟೆಯಾಗಿ ಹಾಸಿದ ಹಾಳೆ ಭಾರಕ್ಕೆ ತೊನೆದು ಬೀಳುವುದು. ಅದೇ ಹಾಳೆಯ ಎರಡು ಅಂಚುಗಳನ್ನು ದೋಣಿಯಂತೆ ಎತ್ತಿ ಕಟ್ಟಿದರೆ ನಿಲ್ಲುವುದು. ವಸ್ತು ಹೆಚ್ಚಲಿಲ್ಲ, ಆಕಾರ ಬದಲಾಯಿತು. ಪಟ್ಟಿಯ ದಪ್ಪ ಇಮ್ಮಡಿಯಾದರೆ ಅದರ ಬಾಗದಿರುವ ಗುಣ ೮ ಮಡಿಯಾಗುವುದೆಂಬ ಗಣಿತ ಮುಂದಿನ ತರಗತಿಗಳದು; ಅದರ ಅನುಭವ ಎಂಟು ವರುಷದ ಮಗುವಿನ ಬೆರಳಿಗೂ ಎಟಕುವುದು. ಅಡಕೆಮರದಲ್ಲಿ ಬಲವೆಲ್ಲ ಹೊರಸುತ್ತಿನಲ್ಲಿದೆ, ಒಳಗಿರುವುದು ಮೆದುವಾದ ತಿರುಳು. ಸೀಳಿ ತಿರುಳು ತೆಗೆದ ದಬ್ಬೆ ನೀರಿನ ದೋಣಿಯಾದುದು ಈ ಗುಣದಿಂದಲೇ. ಮಕ್ಕಳು ದಿನವೂ ನೋಡುವ ದಬ್ಬೆ ಅಂದು ಅವರಿಗೆ ಹೊಸದಾಗಿ ಕಾಣುವುದು. ಕೊನೆಗೆ ಗೆದ್ದ ಸಂಕದ ಮೇಲೆ ಒಂದು ಚೊಂಬು ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಕಾಯಿಯಿಡಬೇಕು. ನೆನೆದ ಹಾಳೆ ಮೆತ್ತಗಾಗುವುದು. ಬೇಸಗೆಯ ಜಾಣತನ ಮಳೆಗಾಲಕ್ಕೆ ಸಾಲದೆಂದು ತಂಡಗಳು ಮರಳಿ ಮೌನಕ್ಕೆ ಕೂಡುವುವು.

ಒಂದು ವಿಷಯದಲ್ಲಿ ಉಪಾಧ್ಯಾಯರು ಕಟ್ಟುನಿಟ್ಟಾಗಿರಬೇಕು. ಮೇಜಿನ ಮೇಲೆ ನಿಂತುದು ಹಳ್ಳದ ಮೇಲೂ ನಿಲ್ಲುವುದೆಂಬ ಭ್ರಮೆಯನ್ನು ಮಕ್ಕಳಲ್ಲಿ ಉಳಿಯಗೊಡಬಾರದು. ಗೆಲಿಲಿಯೊ ೧೬೩೮ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಇದನ್ನು ವಿವರಿಸಿರುವನು: ಅಳತೆಗಳೆಲ್ಲ ಇಮ್ಮಡಿಯಾದರೆ ತೂಕ ೮ ಮಡಿ, ಅದನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣವೋ ೪ ಮಡಿ ಮಾತ್ರ. ನಿಜವಾದ ಸಂಕ ಬಲ್ಲವರ ಕೆಲಸ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು ೧೯೮೯ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದುದು ಊರವರ ಕೋರಿಕೆಯಿಂದ. ಮುಂದೆ ನೂರಕ್ಕೆ ಮೀರಿ ಅಂಥವನ್ನು ಕಟ್ಟಿ ೨೦೧೭ರಲ್ಲಿ ಪದ್ಮಶ್ರೀ ಪಡೆದರು. ಊರು ತನ್ನ ಕೊರತೆಯನ್ನು ಹೇಳಬಲ್ಲುದಾದರೆ ತಜ್ಞನ ಕೆಲಸಕ್ಕೆ ಮೊದಲಾಗುವುದು.

ಶಾಲೆಗಳಲ್ಲಿ ಇದಕ್ಕೆ ನೆಲೆಯಿಲ್ಲದಿಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿ ಕೆಳತರಗತಿಗಳ ಮಕ್ಕಳನ್ನು ಗುಂಪುಗಳಲ್ಲಿ ಕೂರಿಸುವುದನ್ನು ರೂಢಿಮಾಡಿದೆ. ೨೦೧೬ರಿಂದ ಬಂದ ಅಟಲ್ ಪ್ರಯೋಗಶಾಲೆಗಳು ಆರನೆಯ ತರಗತಿಯಿಂದ ಮೇಲಿನವರಿಗೆ. ಕೆಳಗಿನವರಿಗೆ ಹಾಳೆ, ನಾರುಗಳೇ ಸಾಕು. ಭಾಷೋಪಾಧ್ಯಾಯರ ಪಾತ್ರ ಆಟ ಮುಗಿದಮೇಲೆ ಮೊದಲಾಗುತ್ತದೆ. ಬಾಗು, ತೊನೆ, ಜಗ್ಗು, ಸೀಳು, ಬಿಗಿ, ಸಡಿಲು, ಊರೆ, ಕವೆ ಎಂಬ ಮಾತುಗಳ ಭೇದ ಕೈಯಲ್ಲಿ ವಸ್ತುವಿದ್ದಾಗ ತಿಳಿಯುವಂತೆ ನಿಘಂಟಿನಿಂದ ತಿಳಿಯದು. ‘ಮುರಿಯಿತು’ ಎಂದು ಬರೆದ ಮಗುವನ್ನು ‘ಎಲ್ಲಿ, ಯಾವಾಗ, ಯಾವ ಕಡೆಯಿಂದ?’ ಎಂದು ಕೇಳಬೇಕು. ಮಳೆ ಹಿಡಿಯುವ ಮೊದಲು, ಹಳ್ಳ ಬತ್ತಿರುವಾಗ, ತಂಡಗಳನ್ನು ಅವರವರ ದಾರಿಯ ಸಂಕದ ದಡಕ್ಕೆ ಹಿರಿಯರೊಡನೆ ಕರೆದೊಯ್ದು, ಕಂಡುದನ್ನು ಇದೇ ಕನ್ನಡದಲ್ಲಿ ಬರೆಯಿಸಬೇಕು: ಎಷ್ಟು ಮರ, ಯಾವುದು ಲಡ್ಡು ಹಿಡಿದಿದೆ, ಆಸರೆ ಎಲ್ಲಿ ಸಡಿಲಿದೆ, ಎಷ್ಟು ಮಕ್ಕಳು ದಾಟುವರು. ಆ ಹಾಳೆಯ ಒಂದು ಪ್ರತಿ ಶಾಲೆಯ ಕಡತಕ್ಕೆ, ಮತ್ತೊಂದು ಗ್ರಾಮ ಪಂಚಾಯಿತಿಗೆ.