ನಿಮಗಿದು ಗೊತ್ತೇ? ನೂರಾರು ವಿಎಂಗಳಲ್ಲಿ ಬೇಕಾದ್ದನ್ನು ಹುಡುಕುವ ಬಗೆ

ಒಂದೇ ಸರ್ವರ್‌ನೊಳಗೆ ಹತ್ತಾರು ಕಂಪ್ಯೂಟರುಗಳನ್ನು ಬೇರೆಬೇರೆಯಾಗಿ ಓಡಿಸುವ ವರ್ಚುವಲ್ ಮಷೀನ್, ಅಂದರೆ ವಿಎಂ, ಕ್ಲೌಡ್ ಕಾಲದ ಕೂಸಲ್ಲ. ಐಬಿಎಂ ತನ್ನ ವಿಎಂ/370 ಅನ್ನು ಪ್ರಕಟಿಸಿದ್ದು 1972ರ ಆಗಸ್ಟ್‌ನಲ್ಲಿ. ವಿಎಂವೇರ್ ಶುರುವಾದದ್ದು 1998ರಲ್ಲಿ, ಲಿನಕ್ಸ್ ಕರ್ನೆಲ್‌ಗೆ ಕೆವಿಎಂ ಸೇರಿದ್ದು 2007ರಲ್ಲಿ. ಹೊಸ ಯಂತ್ರವೊಂದನ್ನು ಎಬ್ಬಿಸುವುದು ಕೆಲವೇ ಕ್ಲಿಕ್‌ಗಳ ಕೆಲಸವಾದ ಮೇಲೆ ಕಷ್ಟ ಬೇರೆಡೆಗೆ ಸರಿಯಿತು: ಇಷ್ಟೊಂದರಲ್ಲಿ ನನಗೆ ಬೇಕಾದದ್ದು ಯಾವುದು?

ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿರುವ ಯಂತ್ರಗಳನ್ನು ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ನೋಡಿಕೊಳ್ಳುವವರಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಅವರ ಕೈಯಲ್ಲಿರುವ ಆಯುಧವೇ ರಿಮೋಟ್ ಕನೆಕ್ಷನ್ ಮ್ಯಾನೇಜರ್. ಆರ್‌ಡಿಸಿಮ್ಯಾನ್, ಎಂರಿಮೋಟ್‌ಎನ್‌ಜಿ, ರಾಯಲ್ ಟಿಎಸ್ ಮುಂತಾದವು ಎಲ್ಲ ಸಂಪರ್ಕಗಳನ್ನೂ ಎಡಬದಿಯ ಮರದಂಥ ಪಟ್ಟಿಯೊಂದರಲ್ಲಿ ಜೋಡಿಸಿಡುತ್ತವೆ.

ಕಣ್ಮರೆಯಾಗಿ ಮರಳಿ ಬಂದ ಸಾಫ್ಟ್‌ವೇರ್

ಮೈಕ್ರೋಸಾಫ್ಟ್‌ನ ಆರ್‌ಡಿಸಿಮ್ಯಾನ್ 2020ರಲ್ಲಿ ಡೌನ್‌ಲೋಡ್ ಪುಟದಿಂದಲೇ ಮಾಯವಾಗಿತ್ತು. ಸಂಪರ್ಕಗಳ ಪಟ್ಟಿಯನ್ನು ಅದು ಎಕ್ಸ್‌ಎಂಎಲ್ ಕಡತದಲ್ಲಿ ಇಡುತ್ತದೆ. ಆ ಕಡತವನ್ನು ಓದುವ ರೀತಿಯಲ್ಲೇ ಸುರಕ್ಷತೆಯ ದೋಷವೊಂದಿತ್ತು. ಕಿಡಿಗೇಡಿಯೊಬ್ಬ ಬೇಕೆಂದೇ ರೂಪಿಸಿದ ಕಡತವನ್ನು ತೆರೆದರೆ ನಿಮ್ಮ ಕಂಪ್ಯೂಟರಿನ ಮಾಹಿತಿ ಹೊರಗೆ ಸೋರಬಹುದಿತ್ತು. 2021ರಲ್ಲಿ ದೋಷ ಸರಿಪಡಿಸಿ, ಸಿಸ್‌ಇಂಟರ್ನಲ್ಸ್ ಬಳಗದ ಭಾಗವಾಗಿ ಅದನ್ನು ಮತ್ತೆ ಬಿಟ್ಟರು. ಅಪರಿಚಿತರು ಕಳಿಸಿದ ಸಂಪರ್ಕ ಪಟ್ಟಿಯನ್ನು ಇಂದಿಗೂ ತೆರೆಯದಿರುವುದೇ ಕ್ಷೇಮ.

ಗುಂಪು ತಾನಾಗಿಯೇ ತುಂಬಿಕೊಳ್ಳುತ್ತದೆ

ಯಂತ್ರಗಳನ್ನು ಒಂದೊಂದಾಗಿ ಎಳೆದು ಫೋಲ್ಡರಿಗೆ ಹಾಕಬೇಕಿಲ್ಲ. ಆರ್‌ಡಿಸಿಮ್ಯಾನ್‌ನಲ್ಲಿ ‘ಸ್ಮಾರ್ಟ್ ಗ್ರೂಪ್’ ಇದೆ. ಹೆಸರು ಹೀಗಿರಬೇಕು, ಟಿಪ್ಪಣಿಯಲ್ಲಿ ಇಂಥ ಪದ ಇರಬೇಕು ಎಂದು ನಿಯಮ ಬರೆದಿಟ್ಟರೆ ಹೊಂದುವ ಯಂತ್ರಗಳೆಲ್ಲ ತಾವೇ ಬಂದು ಸೇರುತ್ತವೆ. ರಾಯಲ್ ಟಿಎಸ್‌ನ ‘ಡೈನಮಿಕ್ ಫೋಲ್ಡರ್’ ಇನ್ನೂ ಒಂದು ಹೆಜ್ಜೆ ಮುಂದೆ: ಸ್ಕ್ರಿಪ್ಟ್ ಓಡಿಸಿ ಹೊರಗಿನ ಮೂಲದಿಂದಲೇ ಪಟ್ಟಿ ತರಿಸಿಕೊಳ್ಳುತ್ತದೆ. ಕೈಯಿಂದ ಬರೆದ ಪಟ್ಟಿ ಬರೆದ ದಿನವೇ ಹಳತಾಗಲು ತೊಡಗುತ್ತದೆ. ಹಾಗಾಗಿ ಈ ಬಗೆಯ ಗುಂಪುಗಳೇ ನನ್ನ ಮೊದಲ ಆಯ್ಕೆ.

ಹುಡುಕಿದ್ದು ಒಂದು, ಸಿಕ್ಕಿದ್ದು ಎರಡು

ಫಿಲ್ಟರ್ ಪೆಟ್ಟಿಗೆಯಲ್ಲಿ ‘ಪ್ರಾಡ್’ ಎಂದು ಟೈಪ್ ಮಾಡಿ ನೋಡಿ. ಗ್ರಾಹಕರು ಬಳಸುವ ‘ಪ್ರಾಡ್-ವೆಬ್-01’ ಬರುತ್ತದೆ, ಸರಿ. ಅದರ ಬೆನ್ನಿಗೇ ‘ನಾನ್‌ಪ್ರಾಡ್-ವೆಬ್-01’ ಕೂಡ ಬರುತ್ತದೆ, ಏಕೆಂದರೆ ಆ ಅಕ್ಷರಗಳು ಅದರ ಹೊಟ್ಟೆಯೊಳಗೂ ಇವೆ. ಯಾರಾದರೂ ‘ಪ್ರಾಡಕ್ಟ್-ಡೆಮೊ’ ಎಂದು ಹೆಸರಿಟ್ಟಿದ್ದರೆ ಅದೂ ಹಾಜರು. ಬರೀ ನೋಡುವುದಕ್ಕಾದರೆ ತೊಂದರೆಯಿಲ್ಲ. ಹೀಗೆ ಬಂದದ್ದನ್ನೆಲ್ಲ ಆಯ್ದು ‘ರೀಸ್ಟಾರ್ಟ್’ ಒತ್ತುವಾಗ ಮಾತ್ರ ಎದೆ ನಡುಗಬೇಕು. ನಿಯಮದಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಲು ಬಿಡುವ ಸಾಫ್ಟ್‌ವೇರ್‌ನಲ್ಲಿ ಪದಕ್ಕೆ ಮೊದಲು ‘^’ ಚಿಹ್ನೆ ಹಾಕಿದರೆ ಹೆಸರಿನ ಆರಂಭದಲ್ಲೇ ಆ ಪದ ಇರುವವು ಮಾತ್ರ ಉಳಿಯುತ್ತವೆ. ನಾನ್‌ಪ್ರಾಡ್ ಹೊರಗಾಗುತ್ತದೆ, ಪ್ರಾಡಕ್ಟ್ ಹೋಗಬೇಕಾದರೆ ಪದದ ನಂತರದ ಅಡ್ಡಗೆರೆಯನ್ನೂ ಸೇರಿಸಬೇಕು.

ಅಂದ ಹಾಗೆ, ಬರೀ ಅಕ್ಷರ ಕ್ರಮದಲ್ಲಿ ಜೋಡಿಸುವ ಪಟ್ಟಿಯಲ್ಲಿ 1ರ ನಂತರ 10 ಬರುತ್ತದೆ, ಆಮೇಲೆ 2. 01, 02 ಎಂದು ಸೊನ್ನೆ ಸೇರಿಸಿ ಹೆಸರಿಡುವುದು ಅದಕ್ಕೇ.

ಹೆಸರು ಬದಲಾದರೂ ಕಡತ ಹಳೆಯದೇ

ವಿಎಂವೇರ್‌ನ ವಿಸೆಂಟರ್‌ನಲ್ಲಿ ಓಡುತ್ತಿರುವ ವಿಎಂ ಒಂದರ ಹೆಸರು ಬದಲಿಸಿದರೆ ಬದಲಾಗುವುದು ಪಟ್ಟಿಯಲ್ಲಿ ಕಾಣುವ ಹೆಸರು ಮಾತ್ರ. ಡೇಟಾಸ್ಟೋರ್‌ನಲ್ಲಿರುವ ಅದರ ಫೋಲ್ಡರ್, ಡಿಸ್ಕ್ ಕಡತಗಳು ಹಳೆಯ ಹೆಸರಿನಲ್ಲೇ ಉಳಿಯುತ್ತವೆ. ಒಳಗಿನ ವಿಂಡೋಸ್‌ಗೋ ಲಿನಕ್ಸ್‌ಗೋ ಇರುವ ಹೆಸರು ಮತ್ತೊಂದು. ಹೀಗೆ ಒಂದೇ ಯಂತ್ರಕ್ಕೆ ಮೂರು ಹೆಸರುಗಳಾಗಿ, ಯಾರೂ ಬಳಸದ್ದೆಂದು ತಿಳಿದು ಹಳೆ ಹೆಸರಿನ ಫೋಲ್ಡರನ್ನು ಅಳಿಸಲು ಹೊರಡುವವರು ಸುಳಿವಿಲ್ಲದೆ ಜೀವಂತ ಯಂತ್ರಕ್ಕೇ ಕೈಹಾಕಿರುತ್ತಾರೆ.

ಅಮೆಜಾನ್‌ನ ಇಸಿ2ನಲ್ಲಿ ಹೆಸರೆಂಬುದು ಬರೀ ಒಂದು ಟ್ಯಾಗ್. ಎರಡು ಯಂತ್ರಗಳಿಗೆ ಒಂದೇ ಹೆಸರಿಟ್ಟರೂ ಅದು ತಡೆಯುವುದಿಲ್ಲ. ಗುರುತು ನಿಂತಿರುವುದು ಇನ್‌ಸ್ಟೆನ್ಸ್ ಐಡಿಯ ಮೇಲೆ. ಒಂದು ಯಂತ್ರಕ್ಕೆ 50 ಟ್ಯಾಗ್‌ಗಳವರೆಗೆ ಹಾಕಬಹುದು: ಯಾವ ತಂಡದ್ದು, ಯಾವ ಯೋಜನೆಯದ್ದು, ಯಾರನ್ನು ಕೇಳಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳು ಇಲ್ಲಿ ಬೇರೆಬೇರೆಯೆಂದೇ ಲೆಕ್ಕ. ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಬರೆದರೆ ಫಿಲ್ಟರ್ ಅರ್ಧ ಯಂತ್ರಗಳನ್ನು ತೋರಿಸದೆ ಸುಮ್ಮನಿರುತ್ತದೆ. ನೂರು ಟ್ಯಾಗ್ ನಿಯಮ ಬರೆಯುವುದಕ್ಕಿಂತ ನಾಲ್ಕನ್ನು ಎಲ್ಲರೂ ಒಂದೇ ಥರ ಬರೆಯುವುದು ಮೇಲು.

ನಿನ್ನೆಯ ವಿಳಾಸ ಇಂದು ಬೇರೆಯವರದು

ಇಸಿ2 ಯಂತ್ರವನ್ನು ನಿಲ್ಲಿಸಿದರೆ ಅದಕ್ಕೆ ತಾನಾಗಿ ಸಿಕ್ಕಿದ್ದ ಸಾರ್ವಜನಿಕ ಐಪಿ ವಿಳಾಸ ಕೈತಪ್ಪುತ್ತದೆ. ಮತ್ತೆ ಶುರುಮಾಡಿದಾಗ ಸಿಗುವುದು ಹೊಸದು. ಹಳೆಯದು ಬೇರೊಬ್ಬ ಗ್ರಾಹಕರ ಪಾಲಾಗಿರಬಹುದು. ನಿಮ್ಮ ಪಟ್ಟಿಯಲ್ಲಿ ಹಳೆ ವಿಳಾಸವೇ ಉಳಿದಿದ್ದರೆ ನೀವು ಬಡಿಯುವುದು ಇನ್ನೊಬ್ಬರ ಬಾಗಿಲನ್ನು. ಆಗ ಎಸ್‌ಎಸ್‌ಎಚ್ ‘ಎದುರಿನ ಯಂತ್ರದ ಗುರುತು ಬದಲಾಗಿದೆ’ ಎಂದು ದೊಡ್ಡದಾಗಿ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಓದದೆ ಹಳೆಯ ಕೀ ಅಳಿಸಿ ಮುಂದುವರಿಯುವ ರೂಢಿ ದಯವಿಟ್ಟು ಬೇಡ. ವಿಳಾಸ ಕಾಯಂ ಆಗಿ ಬೇಕಿದ್ದರೆ ಎಲಾಸ್ಟಿಕ್ ಐಪಿ ಇದೆ.

ಇನ್ನಷ್ಟು, ಚುಟುಕಾಗಿ

ವಿಎಂನ ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ 00:15:5ಡಿ ಎಂದು ಶುರುವಾದರೆ ಅದು ಮೈಕ್ರೋಸಾಫ್ಟ್‌ನ ಹೈಪರ್-ವಿ ಮನೆಯದು. 00:50:56 ಆದರೆ ವಿಎಂವೇರ್, 08:00:27 ಆದರೆ ವರ್ಚುವಲ್‌ಬಾಕ್ಸ್. ಯಾರೋ ಕೈಯಿಂದ ಬದಲಿಸದಿದ್ದರೆ ಈ ಗುರುತು ನಂಬಬಹುದು.

ವಿಂಡೋಸ್ ಕಂಪ್ಯೂಟರಿನ ಹಳೆ ಶೈಲಿಯ ನೆಟ್‌ಬಯಾಸ್ ಹೆಸರಿಗೆ 15 ಅಕ್ಷರಗಳ ಮಿತಿ ಇದೆ. ಊರು, ತಂಡ, ಕೆಲಸ, ಸಂಖ್ಯೆ ಎಲ್ಲವನ್ನೂ ಹೆಸರಿಗೇ ತುರುಕಲು ಹೋದವರ ಮೂರಕ್ಷರದ ಸಂಕೇತಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲೇ.

ವಿಎಂನ ನೆಟ್‌ವರ್ಕ್ ಪೂರ್ತಿ ಸತ್ತಿದ್ದರೂ ಹೈಪರ್-ವಿಯಲ್ಲಿ ಅದರ ಪರದೆ ನೋಡಬಹುದು. ಸಂಪರ್ಕ ಹೋಗುವುದು ವಿಎಂಗೆ ಅಲ್ಲ, ಅದನ್ನು ಓಡಿಸುವ ಹೋಸ್ಟ್‌ನ 2179ನೇ ಪೋರ್ಟ್‌ಗೆ. ಯಾವ ವಿಎಂ ಬೇಕೆಂದು ಅಲ್ಲಿ ಹೇಳುವುದು ಹೆಸರಿನಿಂದಲ್ಲ, ಅದರ ಐಡಿಯಿಂದ.