ಹಳೆಯ ಸರಕು ವಾಹನಗಳಲ್ಲಿ ಇಂಧನ ಸೋರಿಕೆ

ಕಾರ್ಬ್ಯುರೇಟರ್ ಹೊಂದಿರುವ ಹಳೆಯ ಪೆಟ್ರೋಲ್ ಸರಕು ವಾಹನಗಳನ್ನು ಇಂದಿಗೂ ಬಳಸುತ್ತಿರುವ ಉದ್ಯಮಿಗಳು ಇಂಧನ ಕೊಳವೆಗಳತ್ತ ಗಮನ ಹರಿಸುವುದು ಅವಶ್ಯಕ. ಶೇ. 20ರಷ್ಟು ಎಥನಾಲ್ ಮಿಶ್ರಿತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಹಳೆಯ ರಬ್ಬರ್ ಕೊಳವೆಗಳು ಇದಕ್ಕಾಗಿ ತಯಾರಾದವುಗಳಲ್ಲ. ಅವು ಉಬ್ಬಿ, ಮೆತ್ತಗಾಗಿ ಅಥವಾ ಬಿರುಕುಬಿಟ್ಟು ಸೋರತೊಡಗಬಹುದು.

ಪಂಪಿನಿಂದ ಕಾರ್ಬ್ಯುರೇಟರ್‌ವರೆಗೆ ಒತ್ತಡವಿರುವುದರಿಂದ ಅಲ್ಲಿನ ಸೋರಿಕೆ ಕಣ್ಣಿಗೆ ಬೀಳುತ್ತದೆ. ತೊಡಕಿರುವುದು ಟ್ಯಾಂಕಿನಿಂದ ಪಂಪಿನವರೆಗಿನ ಭಾಗದಲ್ಲಿ. ಎಂಜಿನ್ ಓಡುವಾಗ ಪಂಪು ಎಳೆದುಕೊಳ್ಳುವುದರಿಂದ ಬಿರುಕಿನ ಮೂಲಕ ಪೆಟ್ರೋಲ್ ಹೊರಬೀಳುವ ಬದಲು ಗಾಳಿ ಒಳನುಗ್ಗುತ್ತದೆ; ಏರಿನಲ್ಲಿ ವಾಹನ ಎಳೆಯದು. ಮಾಲೀಕರು ಕಾರ್ಬ್ಯುರೇಟರ್ ದುರಸ್ತಿಗೆ ವೃಥಾ ಹಣ ಸುರಿಯುವುದು ಇಂಥಲ್ಲಿಯೇ.

ಮೊದಲು ಎಂಜಿನ್ ತಣಿಯಬೇಕು, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಅಂಟು ಮೆತ್ತುವುದು, ಸೈಕಲ್ ಟ್ಯೂಬ್ ಸುತ್ತುವುದು ವಾಹನವನ್ನೂ ಅದರೊಳಗಿನ ಸರಕನ್ನೂ ಪಣಕ್ಕಿಟ್ಟಂತೆ. ತುದಿ ಮಾತ್ರ ಹಾಳಾಗಿದ್ದರೂ ಕೊಳವೆಯನ್ನು ಪೂರ್ತಿ ಬದಲಿಸುವುದೇ ಲೇಸು. ಎಥನಾಲ್ ತಾಳಿಕೊಳ್ಳುವ, ಅದೇ ಒಳವ್ಯಾಸದ ಇಂಧನ ಕೊಳವೆಯನ್ನೂ ಹೊಸ ಕ್ಲಿಪ್ಪುಗಳನ್ನೂ ಬಳಸತಕ್ಕದ್ದು. ಫಿಲ್ಟರನ್ನೂ ಅದೇ ವೇಳೆ ಬದಲಿಸಿದರೆ ಉತ್ತಮ. ಸರಕು ಹೇರುವ ಮೊದಲು ಎಂಜಿನ್ ಕೆಲಹೊತ್ತು ಓಡಿಸಿ, ನಿಲ್ಲಿಸಿ, ಪ್ರತಿ ಜೋಡಣೆಯಲ್ಲೂ ತೇವವಿದೆಯೇ ಎಂದು ಪರೀಕ್ಷಿಸಬೇಕು.