ಹಿಟ್ಟು ತಿಗಣೆಯ ವೇಷದಲ್ಲಿರುವ ಮಿತ್ರ ಕೀಟ

ದ್ರಾಕ್ಷಿ ಗೊಂಚಲನ್ನು ತಿರುವಿ ನೋಡಿದಾಗ ಬಿಳಿ ಹಿಟ್ಟು ಮೆತ್ತಿದಂತಹ ಹುಳುಗಳು ಕಂಡರೆ ಬೇಸಾಯಗಾರನ ಕೈ ಕೂಡಲೇ ಸಿಂಪರಣಾ ಯಂತ್ರದತ್ತ ಹೋಗುತ್ತದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಬಿಳಿ ಹುಳುಗಳಲ್ಲಿ ಕೆಲವು, ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಗುಲಗಂಜಿ ಹುಳುವಿನ ಮರಿಗಳಾಗಿರಬಹುದು.

ಯಾವುದು ಈ ಹುಳು?

ಇದರ ಶಾಸ್ತ್ರೀಯ ಹೆಸರು ಸಿಮ್ನಸ್ ಕಾಕ್ಸಿವೋರ. ಇದು ನಮ್ಮ ನಾಡಿನದೇ ಕೀಟ. ಕೆಂಪು ಬೆನ್ನಿನ, ಕಪ್ಪು ಚುಕ್ಕೆಯ ಗುಲಗಂಜಿ ಹುಳುವನ್ನು ಎಲ್ಲರೂ ಬಲ್ಲರು, ಇದು ಹಾಗಿಲ್ಲ. ಪ್ರೌಢ ದುಂಬಿಯ ಉದ್ದ ಸುಮಾರು 2 ಮಿ.ಮೀ., ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ಮೈ ಮಂಕು ಕಂದು ಬಣ್ಣ, ಬೆನ್ನ ಮೇಲೆಲ್ಲ ನವಿರಾದ ರೋಮ.

1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತಂದ ಕ್ರಿಪ್ಟೊಲೀಮಸ್ ದುಂಬಿಯೂ ಹಿಟ್ಟು ತಿಗಣೆಯನ್ನು ತಿನ್ನುತ್ತದೆ. ಅದು ಇದರ ಎರಡರಷ್ಟು ದೊಡ್ಡದು. ತಲೆ ಮತ್ತು ಎದೆಯ ಭಾಗ ಕಿತ್ತಳೆ ಬಣ್ಣ, ರೆಕ್ಕೆ ಕಪ್ಪು.

ಮರಿಯನ್ನು ಗುರುತಿಸುವುದು ಹೇಗೆ?

ಮೋಸ ಹೋಗುವುದು ಮರಿಯ ವಿಷಯದಲ್ಲಿ. ಅದರ ಮೈಯೂ ತಿಗಣೆಯಂತೆ ಬಿಳಿ ಮೇಣದ ಎಳೆಗಳಿಂದ ಮುಚ್ಚಿರುತ್ತದೆ. ಸಂಶಯ ಬಂದಾಗ ಹುಳುವನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಹೀಗೆ ಪರೀಕ್ಷಿಸಿರಿ:

1. ಮರಿ ಚುರುಕಾಗಿ ಓಡಾಡುತ್ತದೆ. ಬೆಳೆದ ತಿಗಣೆ ನಿಧಾನವಾಗಿ ತೆವಳುತ್ತದೆ.

2. ನೀರಿನಲ್ಲದ್ದಿದ ಕುಂಚದಿಂದ ಮೇಣವನ್ನು ಮೆಲ್ಲಗೆ ಒರೆಸಿರಿ. ಮರಿಯ ದೇಹ ನೀಳವಾಗಿದ್ದು ಮೂರು ಜೊತೆ ಕಾಲುಗಳು ಎದ್ದು ಕಾಣುತ್ತವೆ. ತಿಗಣೆಯ ಮೈ ಮೊಟ್ಟೆಯಾಕಾರ. ಗಿಡ್ಡ ಕಾಲುಗಳು ಹೊಟ್ಟೆಯಡಿ ಅಡಗಿರುತ್ತವೆ.

3. ಭೂತಗನ್ನಡಿಯಲ್ಲಿ ನೋಡಿದರೆ ಮರಿಗೆ ಕಚ್ಚುವ ದವಡೆ, ತಿಗಣೆಗೆ ರಸ ಹೀರುವ ಸೂಜಿಯಂತಹ ಬಾಯಿ.

ಈ ಗುಂಪಿನ ದುಂಬಿಗಳು ಒಂದನ್ನೊಂದು ಬಹಳ ಹೋಲುವುದರಿಂದ ಜಾತಿಯನ್ನು ಖಚಿತಪಡಿಸಲು ಸೂಕ್ಷ್ಮದರ್ಶಕ ಬೇಕು. ನಾಲ್ಕಾರು ದುಂಬಿಗಳನ್ನು ಸ್ಪಿರಿಟ್ ತುಂಬಿದ ಸೀಸೆಯಲ್ಲಿ ಹಾಕಿ, ಬೆಳೆ, ಊರು, ದಿನಾಂಕ ಬರೆದು ಹತ್ತಿರದ ಕೃಷಿ ಕಾಲೇಜಿನ ಕೀಟಶಾಸ್ತ್ರ ವಿಭಾಗಕ್ಕೆ ಕೊಡಿರಿ.

ರೈತರು ಮಾಡಬೇಕಾದುದೇನು?

ದುಂಬಿಯು ತಿಗಣೆಯ ಮೊಟ್ಟೆ ಚೀಲಗಳ ಬಳಿ ಮೊಟ್ಟೆಯಿಡುತ್ತದೆ. ಒಡೆದು ಬಂದ ಮರಿಗಳು ಚೀಲದೊಳಗೇ ನುಗ್ಗಿ ಮೊಟ್ಟೆ, ಎಳೆ ತಿಗಣೆಗಳನ್ನು ತಿನ್ನುತ್ತವೆ. ಇವು ಕಂಡ ಬಳ್ಳಿಗಳಿಗೆ ಕೀಟನಾಶಕ ಹೊಡೆಯಲು ಅವಸರಪಡಬೇಡಿರಿ. ಹೊಡೆದರೆ ಮೇಣದಡಿ ಅವಿತ ತಿಗಣೆಗಳು ಉಳಿದು, ತಿರುಗಾಡುವ ಮಿತ್ರ ಕೀಟಗಳೇ ಸಾಯುವುದುಂಟು.

ಇರುವೆಗಳ ಮೇಲೂ ಕಣ್ಣಿಡಿರಿ. ತಿಗಣೆ ಸ್ರವಿಸುವ ಸಿಹಿ ಅಂಟಿನ ಆಸೆಗೆ ಅವು ತಿಗಣೆಗಳನ್ನು ಕಾದು, ದುಂಬಿಗಳನ್ನು ಓಡಿಸುತ್ತವೆ. ಕಾಂಡಕ್ಕೆ ಅಂಟು ಪಟ್ಟಿ ಸುತ್ತಿ ಇರುವೆ ಹತ್ತದಂತೆ ತಡೆಯಿರಿ.

ಔಷಧಿ ಕಲಸುವ ಮೊದಲು ಭೂತಗನ್ನಡಿ ಹಿಡಿದು ಒಂದು ಗಳಿಗೆ ನೋಡುವುದರಿಂದ ಹಣವೂ ಉಳಿದೀತು, ನೆರವಿಗೆ ಬಂದ ಹುಳುವೂ ಉಳಿದೀತು.